ಕಾವಲು ಕಣ್ಣಿನ ಧರ್ಮ

ಮನೆಯನ್ನು ಕಾಯುವುದು ಗೃಹಸ್ಥನ ಧರ್ಮವೆಂಬುದರಲ್ಲಿ ಎರಡು ಮಾತಿಲ್ಲ. ಕೋಟೆಯನ್ನು ಕಟ್ಟಿದ ಅರಸನೂ, ಹೊಲದ ನಡುವೆ ಅಟ್ಟಣೆ ಹಾಕಿ ಜೋಳದ ತೆನೆಗೆ ಕಾವಲು ಕುಳಿತ ರೈತನೂ, ರಾತ್ರಿ ಬಾಗಿಲಿಗೆ ಅಗುಳಿ ಹಾಕುವ ಮನೆಯೊಡತಿಯೂ ಮಾಡುವ ಕೆಲಸ ಒಂದೇ. ಆದರೆ ಕಾಯುವುದು ಬೇರೆ, ನೋಡುವುದು ಬೇರೆ. ಅಗುಳಿಯು ಕಾಯುತ್ತದೆ, ನೋಡುವುದಿಲ್ಲ. ನಾಯಿಯು ಕಾಯುತ್ತದೆ, ನೋಡುತ್ತದೆ. ತಾನು ನೋಡಿದುದನ್ನು ಯಾರಿಗೂ ಹೇಳುವುದಿಲ್ಲ. ಈಗ ನಮ್ಮ ಸೂರುಗಳ ಕೆಳಗೆ ಬಂದು ಕುಳಿತಿರುವ ಹೊಸ ಕಾವಲುಗಾರನು ನೋಡುತ್ತಾನೆ, ನೋಡಿದುದೆಲ್ಲವನ್ನೂ ಬರೆದಿಡುತ್ತಾನೆ, ಕೇಳಿದವರಿಗೆ, ಒಮ್ಮೊಮ್ಮೆ ಕೇಳಬಾರದವರಿಗೂ, ತೋರಿಸುತ್ತಾನೆ. ಆದುದರಿಂದ ಅಗುಳಿಯ ವಿಷಯದಲ್ಲಿ ಏಳದಿದ್ದ ಪ್ರಶ್ನೆಯೊಂದು ಈತನ ವಿಷಯದಲ್ಲಿ ಏಳುತ್ತದೆ: ಕಾಯುವ ಹಕ್ಕುಳ್ಳವನಿಗೆ ನೋಡುವ ಹಕ್ಕು ಎಷ್ಟು?

ಇದು ಪಟ್ಟಣವಾಸಿಗಳ ಪ್ರಶ್ನೆ, ನಮ್ಮಂಥ ಊರುಗಳಿಗೆ ಅದರ ಗೊಡವೆ ಏಕೆಂದು ವಾಚಕರು ಕೇಳಬಹುದು. ಮಲ್ದಕಲ್ಲು ದೊಡ್ಡ ಊರೇನೂ ಅಲ್ಲ. ಮಾರ್ಗಶಿರದಲ್ಲಿ ತಿಮ್ಮಪ್ಪನ ಜಾತ್ರೆಗೆ ಜನ ಕೂಡಿದಾಗ ಬೀದಿ ಸಾಲದಾಗುತ್ತದೆ; ಉಳಿದ ದಿನಗಳಲ್ಲಿ ಹತ್ತಿಬೀಜದ ಹೊಲ, ಮನೆ, ಗುಡಿ, ಶಾಲೆ, ಇಷ್ಟೇ ನಮ್ಮ ಪ್ರಪಂಚ. ಆದರೆ ಈ ಸೀಮೆಯ ಜನ ದುಡಿಮೆಗಾಗಿ ದೂರದೂರುಗಳಿಗೆ ಹೋಗುವುದು ಇಂದು ನಿನ್ನೆಯ ಮಾತಲ್ಲ. ಅಣೆಕಟ್ಟು ಕಟ್ಟುವಲ್ಲಿ, ರಸ್ತೆ ಹಾಕುವಲ್ಲಿ 'ಪಾಲಮೂರಿನ ಕೂಲಿ' ಎಂಬ ಹೆಸರು ಕೇಳಿಬರುತ್ತಿದ್ದುದು ಹಿರಿಯರಿಗೆ ಗೊತ್ತು. ಈಗ ಹೋಗುವವರು ಹೈದರಾಬಾದಿಗೆ, ಬೆಂಗಳೂರಿಗೆ, ಮುಂಬಯಿಗೆ ಹೋಗುತ್ತಾರೆ; ಕೂಲಿಗೂ ಹೋಗುತ್ತಾರೆ, ಕಂಪ್ಯೂಟರಿನ ನೌಕರಿಗೂ ಹೋಗುತ್ತಾರೆ. ಮನೆಯಲ್ಲಿ ಉಳಿಯತಕ್ಕವರು ಮುದುಕರು ಮತ್ತು ಮಕ್ಕಳು; ಅವರೂ ಇಲ್ಲದಲ್ಲಿ ಬೀಗ. ಇಂಥ ಊರಿಗೇ ಕ್ಯಾಮೆರಾ ಹೆಚ್ಚು ಬೇಕಾಗುತ್ತದೆಂಬುದು ಯೋಚಿಸಿದರೆ ಸಹಜವೇ. ತೆಲಂಗಾಣದ ಪೊಲೀಸರು 'ನೇನು ಸೈತಂ' ಎಂಬ ಯೋಜನೆಯಲ್ಲಿ ಊರವರಿಂದಲೇ ಹಣ ಕೂಡಿಸಿ ಬೀದಿಗಳಿಗೆ ಕ್ಯಾಮೆರಾ ಹಾಕಿಸಿದರು. ಒಂದು ಕ್ಯಾಮೆರಾ ನೂರು ಪೊಲೀಸರಿಗೆ ಸಮವೆಂಬುದು ಅವರ ಮಾತು. ನೂರು ಮಂದಿ ಪೊಲೀಸರನ್ನು ತಮ್ಮ ಜಗುಲಿಯ ಮೇಲೆ ಕೂರಿಸಿಕೊಳ್ಳಲು ಒಪ್ಪುವ ಮನೆಯವರು ಎಷ್ಟು ಮಂದಿಯೋ ನಾವರಿಯೆವು. ಕ್ಯಾಮೆರಾವನ್ನು ಮಾತ್ರ ಯಾರೂ ಬೇಡವೆನ್ನಲಿಲ್ಲ.

ಗುಣದೋಷಗಳನ್ನು ಹೇಳುವುದಕ್ಕೆ ಮುಂಚೆ ಯಂತ್ರದ ಸ್ವರೂಪವನ್ನು ತಿಳಿಯಬೇಕು. ಮನೆಯ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಹಳೆಯ ಕಂಪ್ಯೂಟರ್ ಒಂದಿದ್ದರೆ ಕೆಲಸಕ್ಕೆ ಸಾಕು. ಕ್ಯಾಮೆರಾಗಳನ್ನು ತಂತಿಯ ಮೂಲಕವೋ ವೈಫೈ ಮೂಲಕವೋ ಅದಕ್ಕೆ ಜೋಡಿಸುತ್ತಾರೆ. ಜೋನ್‌ಮೈಂಡರ್ ಮೊದಲಾದ ಸಾಫ್ಟ್‌ವೇರುಗಳು ಹಣವಿಲ್ಲದೆಯೆ ದೊರೆಯುತ್ತವೆ. ಕ್ಯಾಮೆರಾವು ಸೆಕೆಂಡಿಗೆ ಹತ್ತಾರು ಚಿತ್ರಗಳನ್ನು ಕಳುಹಿಸುತ್ತಿರುತ್ತದೆ. ಕಂಪ್ಯೂಟರ್ ಪ್ರತಿಯೊಂದು ಚಿತ್ರವನ್ನೂ ಅದರ ಹಿಂದಿನ ಚಿತ್ರದೊಡನೆ ಚುಕ್ಕೆ ಚುಕ್ಕೆಯಾಗಿ ಹೋಲಿಸಿ, ಬದಲಾದ ಚುಕ್ಕೆಗಳು ಒಂದು ಮಿತಿಯನ್ನು ಮೀರಿದೊಡನೆ 'ಚಲನೆ ಉಂಟು' ಎಂದು ತೀರ್ಮಾನಿಸುತ್ತದೆ. ಅದರ ಪಾಲಿಗೆ ಕಳ್ಳನೆಂದರೆ ಬದಲಾದ ಚುಕ್ಕೆಗಳ ಒಂದು ಗುಂಪು. ಗಾಳಿಗೆ ಅಲುಗಿದ ಸೀರೆಯೂ ಅದೇ, ಗೋಡೆಯ ಮೇಲಿನ ಹಲ್ಲಿಯೂ ಅದೇ. ರಾತ್ರಿಯಲ್ಲಿ ನೋಡುವುದಕ್ಕಾಗಿ ಕ್ಯಾಮೆರಾ ಬೀರುವ, ನಮ್ಮ ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕಿನ ಮುಂದೆ ಹುಳುಗಳು ಹಾರಾಡುತ್ತವೆ. ಹುಳುಗಳಿಗಾಗಿ ಜೇಡ ಬರುತ್ತದೆ. ಜೇಡನು ಕಣ್ಣಿನ ಮುಂದೆಯೇ ಬಲೆ ನೇಯ್ದು ಕುಳಿತರೆ ಯಜಮಾನನ ಮೊಬೈಲು ಬೆಳಗಿನವರೆಗೂ ಎಚ್ಚರಿಕೆಯ ಗಂಟೆ ಬಾರಿಸುತ್ತಲೇ ಇರುತ್ತದೆ. ಇತ್ತೀಚಿನ ಸಾಫ್ಟ್‌ವೇರುಗಳು ಮನುಷ್ಯನನ್ನೂ ನಾಯಿಯನ್ನೂ ಬೇರ್ಪಡಿಸಬಲ್ಲವು. ಬಂದ ಮನುಷ್ಯನು ಕಡ ಕೇಳಲು ಬಂದನೋ ಕದಿಯಲು ಬಂದನೋ ಎಂಬುದನ್ನು ಅವೂ ಹೇಳಲಾರವು.

ಯಂತ್ರವನ್ನು ಹೂಡುವಾಗ ಅದು ಯಜಮಾನನನ್ನು ಕೆಲವು ಪ್ರಶ್ನೆ ಕೇಳುತ್ತದೆ. ಯಾವ ದಿಕ್ಕಿಗೆ ಮುಖ? ಚಿತ್ರದಲ್ಲಿ ಯಾವ ಭಾಗವನ್ನಾದರೂ ಕಪ್ಪು ಬಳಿದು ಮರೆಮಾಡಬೇಕೆ? ಧ್ವನಿಯನ್ನೂ ಹಿಡಿಯಬೇಕೆ? ಎಷ್ಟು ದಿನ ಇಟ್ಟುಕೊಳ್ಳಬೇಕು? ಯಾರು ಯಾರು ನೋಡಬಹುದು? ಬಹುಮಂದಿ ಇವನ್ನೆಲ್ಲ ಓದದೆಯೆ 'ಸರಿ' ಎಂದು ಒತ್ತಿ ಮುಂದೆ ಸಾಗುತ್ತಾರೆ. ಇಲ್ಲವೆ, ಹಾಕಲು ಬಂದ ಹುಡುಗನೇ ಒತ್ತಿಬಿಡುತ್ತಾನೆ. ನಮ್ಮ ತಿಳಿವಳಿಕೆಯಲ್ಲಿ ಈ ಯಂತ್ರದ ನೀತಿಯೆಲ್ಲ ಅಡಗಿರುವುದು ಹೀಗೆ ಓದದೆ ದಾಟಿದ ಪ್ರಶ್ನೆಗಳಲ್ಲಿಯೇ.

ಇದರ ಹುಟ್ಟನ್ನು ನೋಡಿದರೆ ಒಂದು ವಿಶೇಷ ಕಾಣುತ್ತದೆ. ಮನೆಗೆ ಕ್ಯಾಮೆರಾದ ಕಾವಲನ್ನು ಮೊದಲು ಯೋಚಿಸಿದವರಲ್ಲಿ ಮುಖ್ಯಳಾದವಳು ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿದ್ದ ಮೇರಿ ವ್ಯಾನ್ ಬ್ರಿಟ್ಟನ್ ಬ್ರೌನ್ ಎಂಬ ದಾದಿ. ಆಕೆಯ ಕೆಲಸಕ್ಕೆ ಹೊತ್ತುಗೊತ್ತಿರಲಿಲ್ಲ. ಗಂಡನೂ ಮನೆಯಲ್ಲಿರದ ರಾತ್ರಿಗಳು ಇರುತ್ತಿದ್ದವು. ಯಾರೋ ಬಾಗಿಲು ಬಡಿದರೆ, ತೆರೆಯದೆ ಬಂದವರಾರೆಂದು ತಿಳಿಯುವುದು ಹೇಗೆ? ೧೯೬೬ರಲ್ಲಿ ಆಕೆಯೂ, ವಿದ್ಯುತ್ ಉಪಕರಣಗಳ ಕೆಲಸ ಬಲ್ಲ ಆಕೆಯ ಗಂಡ ಆಲ್ಬರ್ಟನೂ ಪೇಟೆಂಟಿಗೆ ಅರ್ಜಿ ಹಾಕಿದರು. ೧೯೬೯ರ ಡಿಸೆಂಬರ್ ೨ರಂದು ಅದು ಮಂಜೂರಾಯಿತು. ಬಾಗಿಲಿಗೆ ಒಂದರ ಮೇಲೊಂದು ನಾಲ್ಕು ಕಿಂಡಿ. ಎತ್ತರದವನೇ ಬರಲಿ, ಮಗುವೇ ಬರಲಿ, ಮೇಲೆ ಕೆಳಗೆ ಸರಿಯುವ ಕ್ಯಾಮೆರಾ ತಕ್ಕ ಕಿಂಡಿಯಲ್ಲಿ ನೋಡುತ್ತದೆ. ಒಳಗೆ ಮಲಗುವ ಕೋಣೆಯಲ್ಲಿ ದೂರದರ್ಶನದ ಪರದೆ. ಬಂದವರೊಡನೆ ಮಾತನಾಡಲು ಸಾಧನ. ಒಂದು ಗುಂಡಿ ಒತ್ತಿದರೆ ಬಾಗಿಲು ತೆರೆಯುವುದು, ಇನ್ನೊಂದನ್ನು ಒತ್ತಿದರೆ ಎಚ್ಚರಿಕೆ ಹೋಗುವುದು. ಇದರಲ್ಲಿ ವಾಚಕರು ಗಮನಿಸಬೇಕಾದುದು ಇಷ್ಟು: ಆ ಕಣ್ಣಿಗೆ ಬೀಳುವವನು ತಾನಾಗಿ ಬಂದು ಬಾಗಿಲು ಬಡಿದವನು, ತನ್ನನ್ನು ನೋಡಲೆಂದೇ ನಿಂತವನು. ಆತನು ಕೇಳಿದ ನೋಟವನ್ನೇ ಆಕೆ ಆತನಿಗೆ ಕೊಟ್ಟಳು. ಹೆದರಿಕೆಯಲ್ಲಿ ಹುಟ್ಟಿದ ಯಂತ್ರವಾದರೂ ಅದರಲ್ಲಿ ಒಂದು ಮರ್ಯಾದೆಯಿತ್ತು.

ಕಂಪ್ಯೂಟರಿಗೆ ಕ್ಯಾಮೆರಾ ಜೋಡಿಸಿ ದೂರದಿಂದ ನೋಡುವ ರೂಢಿಯಂತೂ ಇನ್ನೂ ನಿರಪಾಯವಾದ ಕಡೆಯಲ್ಲಿ ಹುಟ್ಟಿತು. ೧೯೯೧ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಕಂಪ್ಯೂಟರ್ ಪ್ರಯೋಗಾಲಯದವರು, ಕೆಳಗಿನ ಕೋಣೆಯ ಪಾತ್ರೆಯಲ್ಲಿ ಕಾಫಿ ಉಳಿದಿದೆಯೋ ಇಲ್ಲವೋ ಎಂದು ಮೆಟ್ಟಿಲು ಇಳಿಯದೆ ತಿಳಿಯಲು ಆ ಪಾತ್ರೆಯ ಮುಂದೆ ಕ್ಯಾಮೆರಾ ಇಟ್ಟರು. ಆಮೇಲೆ ೧೯೯೩ರಿಂದ ಜಗತ್ತಿನವರೆಲ್ಲ ಆ ಪಾತ್ರೆಯನ್ನು ನೋಡಬಹುದಾಯಿತು. ೨೦೦೧ರಲ್ಲಿ ಅದನ್ನು ನಿಲ್ಲಿಸಿದರು. ಕಾಫಿಯ ಪಾತ್ರೆಗೆ ನಾಚಿಕೆಯಿಲ್ಲ. ಆದುದರಿಂದ ಅಲ್ಲಿ ನೀತಿಯ ಪ್ರಶ್ನೆಯೂ ಏಳಲಿಲ್ಲ. ಹೊಸ್ತಿಲಿನಲ್ಲಿ ಹುಟ್ಟಿದ ಒಂದು ಯೋಚನೆ, ಕಾಫಿಯ ಪಾತ್ರೆಯ ಮುಂದೆ ಹುಟ್ಟಿದ ಇನ್ನೊಂದು, ಇವೆರಡೂ ಕೂಡಿ ಇಂದು ಬೀದಿಗೂ ಒಳಮನೆಗೂ ಒಂದೇ ಸಮನೆ ಚಾಚಿಕೊಂಡಿವೆ.

ಬೀದಿಯ ಮಾತನ್ನು ಮೊದಲು ನೋಡೋಣ. ಚೆಕ್ ದೇಶದ ಒಬ್ಬ ಗೃಹಸ್ಥನ ಮನೆಯ ಕಿಟಕಿಗಳನ್ನು ದುಷ್ಟರು ಮತ್ತೆ ಮತ್ತೆ ಒಡೆಯುತ್ತಿದ್ದರು. ಆತನು ಸೂರಿನ ಕೆಳಗೆ ಒಂದು ಕ್ಯಾಮೆರಾ ನಿಲ್ಲಿಸಿದನು. ಅದಕ್ಕೆ ತನ್ನ ಬಾಗಿಲು ಕಾಣುತ್ತಿತ್ತು, ಮುಂದಿನ ದಾರಿ ಕಾಣುತ್ತಿತ್ತು, ಎದುರು ಮನೆಯ ಬಾಗಿಲೂ ಕಾಣುತ್ತಿತ್ತು. ಪರದೆಯೆಂಬುದೇ ಇರಲಿಲ್ಲ, ಹಾರ್ಡ್ ಡಿಸ್ಕ್ ತುಂಬಿದಂತೆ ಹಳೆಯದು ಅಳಿದು ಹೊಸದು ಬರೆಯಲ್ಪಡುತ್ತಿತ್ತು. ೨೦೦೭ರ ಅಕ್ಟೋಬರಿನ ಒಂದು ರಾತ್ರಿ ಯಾರೋ ಕವಣೆಯಿಂದ ಕಿಟಕಿ ಒಡೆದರು. ಚಿತ್ರದ ಸಹಾಯದಿಂದ ಇಬ್ಬರು ಸಿಕ್ಕಿದರು. ಆ ಇಬ್ಬರಲ್ಲಿ ಒಬ್ಬನು, ನನ್ನನ್ನು ಹೀಗೆ ಹಿಡಿದಿಡಲು ಇವನಾರು ಎಂದು ಕೇಳಿದನು! ಕಿಟಕಿ ಒಡೆದವನ ಬಾಯಲ್ಲಿ ಈ ಮಾತು ಬಂದರೆ ನಮಗೆ ಮೊದಲು ನಗು ಬರುತ್ತದೆ. ಆದರೆ ವ್ಯಾಜ್ಯವು ಐರೋಪ್ಯ ಒಕ್ಕೂಟದ ನ್ಯಾಯಾಲಯದವರೆಗೆ ಹೋಗಿ, ೨೦೧೪ರ ಡಿಸೆಂಬರಿನಲ್ಲಿ ನ್ಯಾಯಾಧೀಶರು ಕೊಟ್ಟ ತೀರ್ಪು ನಗುವಂಥದಲ್ಲ. ಸಾರ್ವಜನಿಕ ದಾರಿಯನ್ನು ಒಳಗೊಳ್ಳುವ ಕ್ಯಾಮೆರಾವನ್ನು ಬರಿಯ ಮನೆಗೆಲಸವೆಂದು ಎಣಿಸಲಾಗದು, ಅದಕ್ಕೆ ಕಾನೂನಿನ ಕಟ್ಟಳೆಯುಂಟು, ಹಾಗಿದ್ದರೂ ಮನೆ, ಜೀವ, ಕುಟುಂಬಗಳನ್ನು ಕಾಪಾಡಿಕೊಳ್ಳುವ ಆತನ ಹಿತವನ್ನೂ ತೂಗಿ ನೋಡಬೇಕು, ಎಂದರು. ಎರಡನ್ನೂ ತೂಗುವುದೆಂಬ ಈ ಮಾತು ನಮಗೆ ನ್ಯಾಯವಾಗಿ ತೋರುತ್ತದೆ. ಎದುರು ಮನೆಯವರು ಏನು ತಪ್ಪು ಮಾಡಿದ್ದರು? ಅವರು ತಿಂಗಳುಗಟ್ಟಲೆ ತಮ್ಮ ಬಾಗಿಲಿನಲ್ಲಿ ಹೋಗಿಬಂದುದೆಲ್ಲ ಅನ್ಯನ ಡಬ್ಬಿಯಲ್ಲಿ ಕುಳಿತಿತ್ತು.

ನಮ್ಮ ದೇಶದಲ್ಲಿಯೂ ಈ ವಿಚಾರ ಹಳೆಯದೇ. ಉತ್ತರ ಪ್ರದೇಶದ ಖರಕ್ ಸಿಂಗನೆಂಬಾತನ ಮೇಲೆ ದರೋಡೆಯ ಆರೋಪ ಬಂದು, ಸಾಕ್ಷ್ಯವಿಲ್ಲದೆ ಬಿಡುಗಡೆಯಾಗಿತ್ತು. ಆದರೂ ಪೊಲೀಸರು ಆತನನ್ನು ಕಣ್ಗಾವಲಿನಲ್ಲಿಟ್ಟರು. ನಡುರಾತ್ರಿ ಬಂದು ಬಾಗಿಲು ಬಡಿದು, ಎಬ್ಬಿಸಿ, ಮನೆಯಲ್ಲಿದ್ದಾನೆಯೇ ಎಂದು ನೋಡುತ್ತಿದ್ದರು. ೧೯೬೨ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ರಾತ್ರಿ ಮನೆಗೆ ಬರುವುದನ್ನು ರದ್ದುಮಾಡಿತು. ಹೊರಗೆ ಗುಟ್ಟಾಗಿ ನಿಂತು ಮನೆಯನ್ನು ಕಾಯುವುದನ್ನು ಮಾತ್ರ ಇರಗೊಟ್ಟಿತು. ಹೊಸ್ತಿಲೇ ಗೆರೆಯೆಂದಾಯಿತು. ಮುಂದೆ ಮುಖ್ಯ ನ್ಯಾಯಾಧೀಶರಾದ ಸುಬ್ಬರಾಯರು ಆಗಲೇ ಇದಕ್ಕೆ ಒಪ್ಪಲಿಲ್ಲ: ಕಾಲಿಗೆ ಸರಪಳಿಯಿಲ್ಲದಿದ್ದರೂ, ಹೆಜ್ಜೆಹೆಜ್ಜೆಗೂ ಕಣ್ಣು ಹಿಂಬಾಲಿಸುತ್ತಿದ್ದರೆ ಅವನನ್ನು ಸ್ವತಂತ್ರನೆನ್ನುವುದು ಹೇಗೆ ಎಂಬುದು ಅವರ ಅಭಿಪ್ರಾಯದ ತಿರುಳು. ಐವತ್ತೈದು ವರ್ಷ ಕಳೆಯಬೇಕಾಯಿತು. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ವಿಷಯವಾಗಿ ಹೂಡಿದ ಅರ್ಜಿಯಿಂದ ಬೆಳೆದ ಮೊಕದ್ದಮೆಯಲ್ಲಿ, ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ಮಂದಿ ನ್ಯಾಯಾಧೀಶರು ಒಮ್ಮತದಿಂದ ಖಾಸಗಿತನವು ಮೂಲಭೂತ ಹಕ್ಕು ಎಂದರು. ಕನ್ನಡಿಗರು ಈ ಹೆಸರನ್ನು ಇನ್ನಷ್ಟು ನೆನೆಯಬೇಕಾಗಿತ್ತೆಂದು ನಮ್ಮ ಭಾವನೆ.

ಆದರೆ ಇವೆಲ್ಲ ಹೆಚ್ಚಾಗಿ ಸರ್ಕಾರದ ಕಣ್ಣಿಗೆ ಸಂಬಂಧಿಸಿದ ಮಾತು. ಪೊಲೀಸ್ ಠಾಣೆಯಲ್ಲಿಯೇ ಕ್ಯಾಮೆರಾ ಇರಬೇಕೆಂದು ೨೦೨೦ರಲ್ಲಿ ಅದೇ ನ್ಯಾಯಾಲಯ ಆಜ್ಞೆಮಾಡಿ ನೋಡುವವರನ್ನೂ ನೋಡುವ ಏರ್ಪಾಟು ಮಾಡಿತು. ಮನೆಯ ಯಜಮಾನನನ್ನು ನೋಡುವವರು ಯಾರು? ೨೦೨೩ರ ದತ್ತಾಂಶ ರಕ್ಷಣೆಯ ಕಾಯಿದೆಯು ಮನೆಮಾತಿನ ಬಳಕೆಯನ್ನು ತನ್ನ ಹಿಡಿತದಿಂದ ಹೊರಗಿಟ್ಟಿದೆ. ೨೦೨೫ರಲ್ಲಿ ಕಲಕತ್ತೆಯ ಉಚ್ಚ ನ್ಯಾಯಾಲಯವು ಒಂದು ವ್ಯಾಜ್ಯದಲ್ಲಿ, ಜೊತೆಯಲ್ಲಿ ವಾಸಿಸುವವರ ಒಪ್ಪಿಗೆಯಿಲ್ಲದೆ ಮನೆಯ ವಾಸಭಾಗದಲ್ಲಿ ಕ್ಯಾಮೆರಾ ನಡೆಸಕೂಡದೆಂದಿತು. ಒಳ್ಳೆಯದೇ. ಆದರೆ ತನ್ನ ಮಗನ ಮೇಲೆ ಕೋರ್ಟಿಗೆ ಹೋಗುವ ತಾಯಿಯೂ, ಒಡೆಯನ ಮೇಲೆ ಹೋಗುವ ಮನೆಗೆಲಸದವಳೂ ಎಷ್ಟು ಮಂದಿ ಸಿಕ್ಕಾರು? ಕಾನೂನು ತಲುಪದ ಒಳಕೋಣೆಯಲ್ಲಿ ಮನುಷ್ಯನ ವಿವೇಕವೇ ಇರಬೇಕಾಗುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಬರಲೇಬೇಕು. ಕಳ್ಳನಲ್ಲದವನಿಗೆ ಭಯವೇನು? ಭಗವಂತನು ಸದಾ ನೋಡುತ್ತಿಲ್ಲವೆ? ಇದಕ್ಕೆ ಕನಕದಾಸರ ಬಾಳೆಹಣ್ಣಿನ ಕಥೆಯನ್ನು ಎತ್ತಿ ಹೇಳುವವರನ್ನೂ ನಾವು ಕೇಳಿದ್ದೇವೆ. ಯಾರೂ ನೋಡದಲ್ಲಿ ತಿಂದು ಬನ್ನಿರೆಂದು ವ್ಯಾಸರಾಯರು ಶಿಷ್ಯರಿಗೆ ಹಣ್ಣು ಕೊಟ್ಟರಂತೆ. ಉಳಿದವರು ಮರೆಯಲ್ಲಿ ತಿಂದು ಬಂದರಂತೆ. ದೇವರು ಕಾಣದ ಎಡೆ ಸಿಕ್ಕಲಿಲ್ಲವೆಂದು ಕನಕರು ಹಣ್ಣನ್ನು ಹಾಗೆಯೇ ಹಿಂದಕ್ಕೆ ತಂದರಂತೆ. ನಾವು ಈ ಕಥೆಯನ್ನು ಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ ಹೇಳುತ್ತೇವೆ. ಆದರೆ ಕ್ಯಾಮೆರಾದ ಪರವಾಗಿ ಇದನ್ನು ಹೇಳುವುದು ಕಥೆಯನ್ನು ತಲೆಕೆಳಗು ಮಾಡಿದಂತೆ. ವ್ಯಾಸರಾಯರು ಶಿಷ್ಯರ ಹಿಂದೆ ಒಬ್ಬೊಬ್ಬ ಗೂಢಚಾರನನ್ನು ಕಳುಹಿಸಿದ್ದರೆ ಕನಕರ ಗುಣ ತಿಳಿಯುತ್ತಿತ್ತೆ? ಗುರುವು ನೋಡದೆ ಬಿಟ್ಟದ್ದರಿಂದಲೇ ಶಿಷ್ಯನಿಗೆ ತನ್ನೊಳಗಿನ ಸಾಕ್ಷಿ ಸಿಕ್ಕಿತು.

ಮಹಾಭಾರತದ ಶಕುಂತಲೆಯೂ ದುಷ್ಯಂತನ ಸಭೆಯಲ್ಲಿ ನಿಂತು ಇದನ್ನೇ ಹೇಳುತ್ತಾಳೆ: ಸೂರ್ಯಚಂದ್ರರು, ಗಾಳಿ, ಬೆಂಕಿ, ನೆಲ, ನೀರು, ಹಗಲಿರುಳು, ಎರಡು ಸಂಧ್ಯೆಗಳು, ಎಲ್ಲವೂ ಬಲ್ಲವು, ಹೃದಯದಲ್ಲಿರುವ ಪುರಾತನನೂ ಬಲ್ಲ. ಆದರೆ ಈ ಸಾಕ್ಷಿಗಳಲ್ಲಿ ಯಾವುದೂ ರಾಜನ ಗುಟ್ಟನ್ನು ನೆರೆಮನೆಗೆ ಕೊಂಡೊಯ್ಯುವುದಿಲ್ಲ. ಮುಂಡಕೋಪನಿಷತ್ತಿನ ಒಂದೇ ಮರದ ಎರಡು ಹಕ್ಕಿಗಳಲ್ಲಿ ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ತಿನ್ನದೆ ನೋಡುತ್ತದೆ. ನಮ್ಮ ಹಿರಿಯರು ಸಾಕ್ಷಿಗೆ ಕೊಟ್ಟ ಲಕ್ಷಣವೇ ಅದು: ನೋಟದಿಂದ ತನಗೇನೂ ಲಾಭ ಪಡೆಯದಿರುವುದು. ಮೊಬೈಲಿನ ಪರದೆಯ ಮುಂದೆ ಕುಳಿತು, ಕಳ್ಳನು ಬಾರದ ದಿನವೂ ಬೀದಿಯಲ್ಲಿ ಯಾರ ಮನೆಗೆ ಯಾರು ಹೋದರೆಂದು ನೋಡುವವನು ತಿನ್ನುವ ಹಕ್ಕಿಯೇ ಸರಿ. ಆ ರುಚಿ ಹತ್ತಿದ ಮೇಲೆ ಬಿಡುವುದು ಕಷ್ಟ.

ತರಗತಿಯಿಂದ ಒಂದು ಉದಾಹರಣೆ ಕೊಡುತ್ತೇವೆ. ಉಪಾಧ್ಯಾಯರು ಹೊರಗೆ ಹೋಗುವಾಗ, ಗಲಾಟೆ ಮಾಡಿದವರ ಹೆಸರು ಬರೆಯೆಂದು ಒಬ್ಬ ಹುಡುಗನನ್ನು ಬೋರ್ಡಿನ ಬಳಿ ನಿಲ್ಲಿಸುವುದುಂಟು. ತರಗತಿಯು ಮೌನವಾಗಿರುತ್ತದೆ, ನಿಜ. ಆದರೆ ಬರೆಯುವ ಹುಡುಗನನ್ನು ಹತ್ತು ದಿನ ಗಮನಿಸಿ ನೋಡಬೇಕು. ಮೊದಲ ದಿನ ನ್ಯಾಯವಾಗಿ ಬರೆಯುತ್ತಾನೆ. ಆಮೇಲೆ ಆಗದವರ ಹೆಸರು ಬೇಗ ಬರುತ್ತದೆ. ಪೆನ್ಸಿಲು ಕೊಟ್ಟವನ ಹೆಸರು ಬರುವುದೇ ಇಲ್ಲ. ಕೆಡುವವರಲ್ಲಿ ಮೊದಲನೆಯವನು ನೋಡುವವನೇ. ತೆಲಂಗಾಣದ ಸರ್ಕಾರಿ ಶಾಲೆಗಳಲ್ಲಿ ೨೦೨೫ರಿಂದ ಉಪಾಧ್ಯಾಯರ ಹಾಜರಾತಿಯೂ ಮುಖ ಗುರುತಿಸುವ ಯಂತ್ರದ ಮೂಲಕ ನಡೆಯತೊಡಗಿತು. ಆದುದರಿಂದ ನೋಡಲ್ಪಡುವುದೆಂದರೇನೆಂದು ನಮ್ಮ ವರ್ಗದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಕ್ಯಾಮೆರಾದಿಂದ ನಿರಪರಾಧಿಗಳಿಗೂ ಉಪಕಾರವುಂಟಲ್ಲವೆ ಎಂಬ ಮಾತು ಇದಕ್ಕಿಂತ ಗಟ್ಟಿಯಾದುದು. ಒಂದು ಸಂದರ್ಭವನ್ನು ಊಹಿಸೋಣ. ಮನೆಯಲ್ಲಿ ಬಂಗಾರದ ಉಂಗುರ ಕಾಣದಾಗುತ್ತದೆ. ಪಾತ್ರೆ ತೊಳೆಯುವವಳ ಮೇಲೆ ಸಂಶಯ ಬರುತ್ತದೆ. ಬಡವರ ಮೇಲೆಯೇ ಮೊದಲು ಬರುತ್ತದೆಂಬುದನ್ನು ಹೇಳಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ತೆಗೆದು ನೋಡಿದರೆ ಆಕೆ ಆ ಕೋಣೆಗೆ ಕಾಲಿಟ್ಟೇ ಇಲ್ಲ. ಆಕೆಗೆ ನ್ಯಾಯ ಸಿಕ್ಕಿತು. ಯಂತ್ರಕ್ಕೆ ನಾವು ಇಷ್ಟು ಕೃತಜ್ಞರಾಗಿರಲೇಬೇಕು. ಆದರೆ ಮರುದಿನದ ಮಾತೇನು? ಇನ್ನು ಮೇಲೆ ಆಕೆಯ ಪ್ರಾಮಾಣಿಕತೆಗೆ ಆಧಾರ ಆಕೆಯ ಹದಿನೈದು ವರ್ಷದ ನಡತೆಯಲ್ಲ, ಡಿಸ್ಕಿನೊಳಗಿನ ಚಿತ್ರ. ಚಿತ್ರವಿಲ್ಲದ ದಿನ, ವಿದ್ಯುತ್ ಹೋದ ದಿನ, ಕ್ಯಾಮೆರಾಕ್ಕೆ ಕಾಣದ ಮೂಲೆಯಲ್ಲಿ ಆಕೆ ಎರಡು ಗಳಿಗೆ ನಿಂತ ದಿನ, ಸಂಶಯವು ಮುಂಚಿಗಿಂತ ಹೆಚ್ಚಾಗಿ ಬರುತ್ತದೆ. ಕಾಣದಿದ್ದುದೆಲ್ಲ ಕಳವಾಗುತ್ತದೆ. ನಂಬಿಕೆಯೆಂಬುದು ಕಾಣದಲ್ಲಿ ಕೆಲಸ ಮಾಡತಕ್ಕ ವಸ್ತು. ಎಲ್ಲವನ್ನೂ ಕಂಡೇ ತೀರುತ್ತೇವೆಂದರೆ ಅದಕ್ಕೆ ಮನೆಯಲ್ಲಿ ಕೆಲಸವೇ ಉಳಿಯುವುದಿಲ್ಲ. ಈ ಸೀಮೆಯ ಮನೆಗಳಲ್ಲಿ ತಿಮ್ಮಪ್ಪನ ಮುಡಿಪನ್ನು ಬಟ್ಟೆಯಲ್ಲಿ ಕಟ್ಟಿ ದೇವರ ಮುಂದೆ ಇಡುತ್ತಾರೆ, ಅದಕ್ಕೆ ಬೀಗವಿಲ್ಲ, ಹಸಿದವನೂ ಮುಟ್ಟುವುದಿಲ್ಲ.

ಊರಿನಲ್ಲಿ ನೆರೆಯವರ ಕಣ್ಣು ಎಂದೂ ಇದ್ದೇ ಇತ್ತಲ್ಲ ಎಂದೂ ಕೇಳುತ್ತಾರೆ. ಇತ್ತು, ಕೆಲವು ಹೆಣ್ಣುಮಕ್ಕಳ ಬಾಳನ್ನು ಆ ಕಣ್ಣು ಸುಟ್ಟದ್ದೂ ಉಂಟು, ಅದನ್ನು ಹೊಗಳಲು ನಾವು ಹೊರಟಿಲ್ಲ. ಆದರೆ ಜಗುಲಿಯ ಮೇಲೆ ಕುಳಿತು ನಮ್ಮನ್ನು ನೋಡುವವಳು ನಮಗೂ ಕಾಣುತ್ತಿದ್ದಳು. ಬೇಡವಾದರೆ ನಾವು ಮುಖ ತಿರುಗಿಸಬಹುದಿತ್ತು. ಏನು ನೋಡುತ್ತೀ ಎಂದು ಕೇಳಲೂಬಹುದಿತ್ತು. ಮೇಲಾಗಿ ಆಕೆ ಮರೆಯುತ್ತಿದ್ದಳು. ಮರೆವು ಸಣ್ಣ ವಸ್ತುವಲ್ಲ. ಹಲಗೆಯ ಮೇಲೆ ತಪ್ಪು ಬರೆದ ಮಗು ಅಂಗೈಯಿಂದ ಒರೆಸಿ ಮತ್ತೆ ಬರೆಯುತ್ತದೆ. ಒರೆಸಲಾಗದ ಹಲಗೆಯನ್ನು ಕೊಟ್ಟರೆ ಆ ಮಗು ಅಕ್ಷರವನ್ನೇ ಬರೆಯಲಾರದು.

ಯಂತ್ರದ ಮರೆವಿಗೆ ಲೆಕ್ಕವುಂಟು. ಒಂದು ಕ್ಯಾಮೆರಾ ಸೆಕೆಂಡಿಗೆ ೨ ಮೆಗಾಬಿಟ್‌ನಂತೆ ಎಡೆಬಿಡದೆ ಬರೆಯುತ್ತಿದ್ದರೆ ಒಂದು ದಿನದ ೮೬,೪೦೦ ಸೆಕೆಂಡುಗಳಿಗೆ ೨೧.೬ ಗಿಗಾಬೈಟ್ ಆಗುತ್ತದೆ. ನಾಲ್ಕು ಕ್ಯಾಮೆರಾಗಳಿದ್ದರೆ ೧,೦೦೦ ಗಿಗಾಬೈಟಿನ ಡಿಸ್ಕು ಹನ್ನೊಂದೂವರೆ ದಿನಕ್ಕೆ ತುಂಬುತ್ತದೆ. ಹನ್ನೆರಡನೆಯ ದಿನ ಮೊದಲನೆಯ ದಿನವು ಅಳಿಯುತ್ತದೆ. ಜನ ಹೆಚ್ಚಾಗಿ ಸೇರುವ ಅಂಗಡಿ, ಆಸ್ಪತ್ರೆ ಮೊದಲಾದವುಗಳು ೩೦ ದಿನ ಇಟ್ಟುಕೊಳ್ಳಬೇಕೆಂದು ೨೦೧೩ರ ಸಾರ್ವಜನಿಕ ಸುರಕ್ಷತೆಯ ಕಾಯಿದೆ ಹೇಳುತ್ತದೆ. ಮನೆಗೆ ಅಂಥ ಕಟ್ಟಳೆಯಿಲ್ಲ. ಕಳವಾದರೆ ಎರಡು ಮೂರು ದಿನದಲ್ಲಿ ತಿಳಿಯುತ್ತದೆ. ಊರಿಗೆ ಹೋಗಿದ್ದರೆ ಒಂದು ವಾರ. ಅದಕ್ಕಿಂತ ಹೆಚ್ಚು ದಿನ ಇಟ್ಟುಕೊಂಡ ಚಿತ್ರವು ಕಾವಲಿನ ಲೆಕ್ಕಕ್ಕೆ ಬರುವುದಿಲ್ಲ. ಧ್ವನಿಯನ್ನಂತೂ ಹಿಡಿಯುವ ಅಗತ್ಯ ನಮಗೆ ಕಾಣದು. ಕಳ್ಳನು ಮಾತನಾಡುವುದಿಲ್ಲ, ಮಾತನಾಡುವವರು ಮನೆಯವರು.

ಇಟ್ಟುಕೊಂಡವನ ಕೈಯಲ್ಲಿಯೇ ಅದು ಉಳಿಯುತ್ತದೆಂಬ ಭರವಸೆಯೂ ಇಲ್ಲ. ೨೦೧೬ರಲ್ಲಿ 'ಮಿರಾಯ್' ಎಂಬ ದುಷ್ಟ ಸಾಫ್ಟ್‌ವೇರ್, ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಯಜಮಾನರು ಬದಲಿಸದೆ ಬಿಟ್ಟಿದ್ದ ಕ್ಯಾಮೆರಾ ಮೊದಲಾದ ಲಕ್ಷಾಂತರ ಸಾಧನಗಳ ಒಳಹೊಕ್ಕಿತು. ಅದಕ್ಕೆ ಬೇಕಾದುದು ಅರವತ್ತಕ್ಕಿಂತ ಸ್ವಲ್ಪ ಹೆಚ್ಚು ಹೆಸರು ಮತ್ತು ಪಾಸ್‌ವರ್ಡುಗಳ ಒಂದು ಪಟ್ಟಿ ಮಾತ್ರ. ಅದೇ ಅಕ್ಟೋಬರ್ ೨೧ರಂದು ಆ ಸಾಧನಗಳ ದಂಡಿನ ದಾಳಿಯಿಂದ ಟ್ವಿಟರ್ ಮೊದಲಾದ ದೊಡ್ಡ ತಾಣಗಳೇ ಕೆಲವು ಗಂಟೆ ಸ್ತಬ್ಧವಾದವು. ಕಾವಲಿಗೆ ಇಟ್ಟ ಆಳೇ ಪರರ ಸೈನ್ಯಕ್ಕೆ ಸೇರಿ ಹೋಗಿದ್ದನು, ಒಡೆಯನಿಗೆ ಗೊತ್ತೇ ಇರಲಿಲ್ಲ.

ಇಷ್ಟು ಹೇಳಿದ ಮೇಲೆ ನಾವು ಬಲ್ಲ ಒಂದು ಮನೆಯ ಮಾತನ್ನು ಹೇಳಬೇಕು. ಅಲ್ಲಿಯ ಮಗನು ಬೆಂಗಳೂರಿನಲ್ಲಿದ್ದಾನೆ. ತಾಯಿಗೆ ಎಪ್ಪತ್ತು ದಾಟಿದೆ, ಒಬ್ಬಳೇ ಇರುತ್ತಾಳೆ. ಒಮ್ಮೆ ಹಿತ್ತಿಲಿನಲ್ಲಿ ಜಾರಿ ಬಿದ್ದಳೆಂಬ ಸುದ್ದಿ ಆತನಿಗೆ ಮರುದಿನ ತಿಳಿಯಿತು. ಆತನು ರಜೆಯಲ್ಲಿ ಬಂದು, ತನ್ನ ಹಳೆಯ ಕಂಪ್ಯೂಟರನ್ನು ಅಟ್ಟದ ಮೇಲಿಟ್ಟು, ನಾಲ್ಕು ಕ್ಯಾಮೆರಾಗಳನ್ನು ತಾನೇ ಹೂಡಿದನು. ಈ ಮಗನಲ್ಲಿ ಯಾವ ದೋಷವನ್ನೂ ನಾವು ಕಾಣೆವು. ಎಷ್ಟೋ ಮಕ್ಕಳು ತಿಂಗಳಿಗೊಮ್ಮೆಯೂ ಕೇಳುವುದಿಲ್ಲ.

ಮುಂಚೆ ಸಂಜೆಯ ಹೊತ್ತು ಮಗನು ಕರೆ ಮಾಡಿದರೆ ತಾಯಿ ಆ ದಿನದ ಕಥೆಯನ್ನೆಲ್ಲ ಹೇಳುತ್ತಿದ್ದಳು: ಯಾರು ಬಂದರು, ಏನು ಅಡಿಗೆ, ಯಾವ ಹಸು ಈಯಿತು. ಸ್ವಲ್ಪ ಸೇರಿಸಿಯೂ ಹೇಳುತ್ತಿದ್ದಳು, ಸ್ವಲ್ಪ ಮುಚ್ಚಿಯೂ ಹೇಳುತ್ತಿದ್ದಳು. ಕಾಲು ನೋಯುತ್ತಿದ್ದರೂ ನೋಯುತ್ತಿಲ್ಲವೆನ್ನುತ್ತಿದ್ದಳು. ಕ್ಯಾಮೆರಾ ಬಂದ ಮೇಲೆ ಮಗನೇ ಕೇಳತೊಡಗಿದನು: ಮಧ್ಯಾಹ್ನ ಏಕೆ ಉಣ್ಣಲಿಲ್ಲ, ಆಕೆ ಅಷ್ಟು ಹೊತ್ತು ಏಕೆ ಕುಳಿತಿದ್ದಳು, ಮಾತ್ರೆ ತೆಗೆದುಕೊಂಡುದು ಕಾಣಲಿಲ್ಲವಲ್ಲ. ಕ್ರಮೇಣ ತಾಯಿಯ ಮಾತು ಕಡಿಮೆಯಾಯಿತು. ಏನು ಸಮಾಚಾರವೆಂದರೆ, ನೀನೇ ನೋಡಿದ್ದೀಯಲ್ಲ, ಎನ್ನುತ್ತಿದ್ದಳು. ಓಣಿಯ ಹೆಂಗಸರು ಒಳಗೆ ಬರುವುದನ್ನು ಬಿಟ್ಟರು. ನಿನ್ನ ಮಗ ನೋಡುತ್ತಾನೆ, ಇಲ್ಲೇ ನಿಲ್ಲುತ್ತೇವೆ, ಎಂದು ಅಂಗಳದಿಂದಲೇ ಮಾತನಾಡಿ ಹೋಗುತ್ತಿದ್ದರು. ಆಕೆ ಊಟದ ತಟ್ಟೆಯನ್ನು ಹಿತ್ತಿಲಿನ ದನದ ಕೊಟ್ಟಿಗೆಗೆ ಒಯ್ದು ಅಲ್ಲಿ ಕುಳಿತು ಉಣ್ಣತೊಡಗಿದಳು. ಅಲ್ಲಿಗೆ ಕಣ್ಣು ಎಟುಕುತ್ತಿರಲಿಲ್ಲ. ಮಗನಿಗೆ ಹಜಾರ ಬರಿದಾಗಿ ಕಂಡು ಗಾಬರಿಯಾಗುತ್ತಿತ್ತು. ಕೊಟ್ಟಿಗೆಗೂ ಒಂದು ಕ್ಯಾಮೆರಾ ಹಾಕಿಸಬೇಕೆಂದು ಯೋಚಿಸಿದನಂತೆ.

ದಸರೆಗೆ ಬಂದಾಗ ತಾಯಿಮಕ್ಕಳ ನಡುವೆ ಏನು ಮಾತಾಯಿತೋ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹಜಾರದ ಎರಡು ಕ್ಯಾಮೆರಾಗಳನ್ನು ಆತನು ಬಿಚ್ಚಿದನು. ಹಿತ್ತಿಲ ಬಾಗಿಲಿನದನ್ನೂ ಬೀದಿ ಬಾಗಿಲಿನದನ್ನೂ ಉಳಿಸಿ, ಬೀದಿಯದರಲ್ಲಿ ಎದುರು ಮನೆಯ ಜಗುಲಿ ಕಾಣುವಷ್ಟು ಭಾಗಕ್ಕೆ ಕಪ್ಪು ಬಳಿದನು. ಬೀಳುವ ಭಯಕ್ಕೆ ಆಕೆಯ ಕೊರಳಿಗೆ ಒಂದು ಗುಂಡಿ. ಒತ್ತಿದರೆ ಮಗನಿಗೂ ಪಕ್ಕದ ಮನೆಗೂ ಗಂಟೆ ಕೇಳುತ್ತದೆ. ಪರದೆಯನ್ನು ಅಟ್ಟದಿಂದ ಇಳಿಸಿ ಆಕೆಯ ಮಂಚದ ಪಕ್ಕಕ್ಕೆ ಇಟ್ಟಿದ್ದಾನೆ. ಬಾಗಿಲು ಬಡಿದರೆ ಆಕೆ ಕನ್ನಡಕ ಹಾಕಿಕೊಂಡು ಮೊದಲು ಪರದೆಯನ್ನು ನೋಡಿ, ಬೇಕಾದವರಾದರೆ ಏಳುತ್ತಾಳೆ. ಬೇಡದವರಾದರೆ ಮಲಗಿಯೇ ಇರುತ್ತಾಳೆ. ಸಂಜೆ ಮಗನು ಕರೆ ಮಾಡಿದಾಗ ಯಾರು ಯಾರು ಬಂದಿದ್ದರೆಂದು ಈಗ ಆಕೆಯೇ ಹೇಳುತ್ತಾಳೆ. ಕೆಲವರ ಹೆಸರನ್ನು ಬಿಟ್ಟೂ ಬಿಡುತ್ತಾಳಂತೆ.